ಕಂದು ಬಣ್ಣದ ಗವಸು

ಸೋಮವಾರ ಮಧ್ಯಾಹ್ನ ವಿಮಾನ ಕಂಪನಿಯ ಲಗೇಜು ವಿಭಾಗದ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟ. ಪ್ರಯಾಣಿಕನೊಬ್ಬ ತನ್ನ ನೀಲಿ ಸೂಟ್‌ಕೇಸ್ ಕಳೆದುಹೋಯಿತೆಂದು ಪರಿಹಾರ ಕೇಳಿದ್ದಾನೆ, ಅದು ಸುಳ್ಳು ಎಂಬುದು ದೂರಿನ ಸಾರ.

"ಸುಳ್ಳು ಅಂತ ಹೇಗೆ ಹೇಳ್ತೀರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಪ್ರತಿಯೊಂದಕ್ಕೂ ಬಿಲ್ ಇಟ್ಟಿದಾನೆ ಮೇಡಂ. ಕಾಲುಚೀಲಕ್ಕೂ!"

"ಬಿಲ್ ಇಲ್ಲದಿದ್ರೂ ಕೊಡಲ್ಲ, ಇದ್ರೂ ಕೊಡಲ್ಲ. ಚೆನ್ನಾಗಿದೆ ನಿಮ್ಮ ನ್ಯಾಯ."

ಅನುಮಾನ ಪಡುವುದಕ್ಕೇ ಸರ್ಕಾರ ತನಗೆ ಸಂಬಳ ಕೊಡುತ್ತದೆ ಎಂದು ನಂಬಿದ್ದ ಹೆಂಗಸು ಆಕೆ. ಮ್ಯಾನೇಜರ್ ಮೇಲೂ ಅಷ್ಟೇ ಅನುಮಾನ. ಆದರೆ ಅರ್ಜಿ ಓದುತ್ತಾ ಅವರ ಹುಬ್ಬು ಮೇಲೇರಿತು. ಅರ್ಜಿದಾರ ಟೈಲರ್. ಕಳೆದುಹೋದದ್ದು ರೆಡಿಮೇಡ್ ಅಂಗಿಗಳು. ತಾನೇ ಹೊಲಿಯುವವನಿಗೆ ಅಂಗಡಿಯ ಅಂಗಿ ಯಾಕೆ ಬೇಕಾಯಿತು? ವಂಚನೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಲಗೇಜು ಬರುವ ಬೆಲ್ಟಿನ ಬಳಿಯ ಕ್ಯಾಮೆರಾ ಕೆಟ್ಟು ಕೂತಿತ್ತು. ಉಳಿದದ್ದು ಎರಡೇ ದೃಶ್ಯ: ಹೊರಡುವ ಊರಿನ ಚೆಕ್-ಇನ್ ಕೌಂಟರ್, ಇಲ್ಲಿಯ ಹೊರಬಾಗಿಲು. ಠಾಣೆಯವರೆಲ್ಲ 'ಉದ್ದಪ್ಪ' ಎಂದೇ ಕರೆಯುವ ಕಾನ್‌ಸ್ಟೇಬಲ್ ಜೊತೆ ಕೂತು ಇನ್ಸ್‌ಪೆಕ್ಟರ್ ಎರಡನ್ನೂ ಹೊಂದಿಸಿ ನೋಡಿದರು. ಟೈಲರ್ ಬರಿಗೈಯಲ್ಲೇ ಹೊರಬಂದಿದ್ದ. ಆದರೆ ಅದೇ ವಿಮಾನದ ಇನ್ನೊಬ್ಬ ಪ್ರಯಾಣಿಕ ಕಂದು ಬಟ್ಟೆಯ ಗವಸು ತೊಡಿಸಿದ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದ. ಅಂಥ ಪೆಟ್ಟಿಗೆಯನ್ನು ಕೌಂಟರಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಅಂದರೆ ಗವಸು ತೊಡಿಸಿದ್ದು ಬೆಲ್ಟಿನ ಬಳಿಯೇ.

ವಿಚಾರಿಸಿದರೆ, ಆತ ಟೈಲರನ ಹೆಂಡತಿಯ ತಮ್ಮ!

"ಗವಸು ಎಲ್ಲಿ?"

"ಹರಿದುಹೋಯ್ತು ಮೇಡಂ, ಬಿಸಾಕಿದೆ."

"ಪೆಟ್ಟಿಗೆ?"

"ಯಾರಿಗೋ ಕೊಟ್ಟೆ."

"ದೊಡ್ಡ ದಾನಿ ಕಣ್ರೀ ನೀವು."

ಬುಧವಾರ ಬೆಳಿಗ್ಗೆ ಪೊಲೀಸರಿಬ್ಬರೂ ಟೈಲರನ ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಹೋದರು. ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಟೇಪು. ಕೇಳಿದ್ದಕ್ಕೆಲ್ಲ ಗಿಣಿಪಾಠ ಒಪ್ಪಿಸಿದ. ಇನ್ಸ್‌ಪೆಕ್ಟರ್ ಕಣ್ಣು ಮಾತ್ರ ಮೂಲೆಯಲ್ಲಿದ್ದ ಹೊಲಿಗೆ ಮಿಷನ್ನಿನ ಮೇಲಿತ್ತು. ಅದಕ್ಕೆ ಕಂದು ಗವಸು. ಅಂಚಿಗೆಲ್ಲ ಪೈಪಿಂಗು, ಒಳಗೆ ಅಸ್ತರು, ನೆತ್ತಿಯ ಮೇಲೊಂದು ಸೀಳು. ಆ ಸೀಳಿನ ಸುತ್ತ, ಗುಂಡಿಯ ತೂತಿಗೆ ಹಾಕುವಂಥ ಕಾಜಾ ಹೊಲಿಗೆ.

"ನನ್ನ ಮದುವೆ ಸೂಟಿಗೂ ಇಷ್ಟು ನೀಟಾಗಿ ಹೊಲಿದಿರ್ಲಿಲ್ಲ ಮೇಡಂ," ಎಂದ ಉದ್ದಪ್ಪ.

ಇನ್ಸ್‌ಪೆಕ್ಟರ್ ಸೀಳಿನೊಳಗೆ ಎರಡು ಬೆರಳು ತೂರಿಸಿದರು. "ಮಿಷನ್ನಿಗೆ ಹಿಡಿಕೆ ಎಲ್ಲಿದೆ?"

ಟೈಲರ್ ಕೊರಳಿನ ಟೇಪು ತೆಗೆದಿಟ್ಟ. "ಸುಟ್ಟುಹಾಕು ಅಂದ ನನ್ನ ಭಾವಮೈದ. ಕೈ ಬರಲಿಲ್ಲ. ಒಳ್ಳೇ ಕೆಲಸ ಅದು."

ಪಂಚರನ್ನು ಕರೆಸಿ ಪಂಚನಾಮೆ ಮಾಡಿ ಗವಸನ್ನು ವಶಕ್ಕೆ ತೆಗೆದುಕೊಂಡರು. ನೀಲಿ ಸೂಟ್‌ಕೇಸ್ ಅಟ್ಟದಲ್ಲೇ ಸಿಕ್ಕಿತು.

"ಯಾಕ್ರೀ ಬೇಕಿತ್ತು ಇದು? ಮರ್ಯಾದಸ್ಥರ ಹಾಗೆ ಕಾಣ್ತೀರಿ."

"ಹೋದ ವರ್ಷ ಇದೇ ಕಂಪನಿ ವಿಮಾನದಲ್ಲಿ ನಮ್ಮ ಪೆಟ್ಟಿಗೆ ನಿಜವಾಗ್ಲೂ ಕಳೆದುಹೋಗಿತ್ತು ಮೇಡಂ. ನನ್ನವಳು ಕಸೂತಿ ಹಾಕಿದ ಸೀರೆಗಳು. ಅವಳ ಕಣ್ಣು ಮಂಜಾಗೋ ಮುಂಚೆ ಹಾಕಿದ್ದು, ಕೊನೇವು. ಬಿಲ್ ತೋರಿಸಿ ಅಂದ್ರು. ಮನೇಲಿ ಹೊಲಿದಿದ್ದಕ್ಕೆ ಬಿಲ್ ಎಲ್ಲಿಂದ ತರ್ಲಿ? 'ಹಳೇ ಬಟ್ಟೆ' ಅಂತ ಬರೆದು ಫೈಲ್ ಮುಚ್ಚಿದ್ರು." ಅವನ ದನಿ ಗಟ್ಟಿಯಾಯಿತು. "ಬಿಲ್ ತಾನೇ ಬೇಕು ಇವರಿಗೆ? ತಗೊಳ್ಳಿ ಅಂತ ಕೊಟ್ಟೆ."

ಇನ್ಸ್‌ಪೆಕ್ಟರ್ ಅದನ್ನೂ ಹೇಳಿಕೆಯಲ್ಲಿ ಬರೆಸಿಕೊಂಡರು. ಆದರೆ ಕಾನೂನಿಗೆ ಕರುಳಿಲ್ಲ. ಬಂಧನದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಭಾವಮೈದನನ್ನು ಎರಡನೇ ಆರೋಪಿಯೆಂದು ಕರೆತರಲು ಫೋನಿನಲ್ಲೇ ಹೇಳಿದರು.

ಅಷ್ಟರಲ್ಲಿ ಒಳಗಿನಿಂದ ಗೋಡೆ ಸವರಿಕೊಂಡು ಒಬ್ಬ ಹೆಂಗಸು ಬಂದಳು. ಬಂದವರ ಮುಖ ಎಲ್ಲಿದೆಯೆಂದು ಹುಡುಕುತ್ತಾ, ಗಂಡನ ಭುಜ ಹಿಡಿದು ನಿಂತಳು.

"ಪೊಲೀಸ್‌ನೋರು ಅಂತ ಕೇಳಿಸ್ತು," ಎಂದಳು. ಮುಖದ ತುಂಬ ನಗು. "ಸಿಕ್ತಾ ನನ್ನ ಸೀರೆಗಳು?"

ಉದ್ದಪ್ಪ ಒಮ್ಮೆ ಇನ್ಸ್‌ಪೆಕ್ಟರ್ ಮುಖ ನೋಡಿದ.

"ಹುಡುಕ್ತಾ ಇದೀವಮ್ಮ," ಎಂದರು ಇನ್ಸ್‌ಪೆಕ್ಟರ್. "ಅದಕ್ಕೇ ನಿಮ್ಮೆಜಮಾನರನ್ನ ಠಾಣೆಗೆ ಕರ್ಕೊಂಡ್ ಹೋಗ್ತಿದೀವಿ."

ಅಷ್ಟು ವರ್ಷದ ನೌಕರಿಯಲ್ಲಿ ಆಕೆ ಆರೋಪಿಯ ಮನೆಯವರಿಗೆ ಹೇಳಿದ ಮೊದಲ ಸುಳ್ಳು ಅದು.