ಒಣಗಬೇಕಿದ್ದ ರಾಗಿಗೆ ನೀರು ಕೊಟ್ಟವರ್ಯಾರು?

ಹರದನಹಳ್ಳಿಯ ಪ್ರಯೋಗದ ತಾಕಿಗೆ ಕಾಲಿಟ್ಟ ಕೂಡಲೇ ನನ್ನ ಎದೆ ಧಸಕ್ಕೆಂದಿತು. ರಾಗಿ ಪೈರು ಚೆನ್ನಾಗಿತ್ತು.

ಹಾಗಿರಬಾರದಿತ್ತು. ಹಿಂದಿನ ದಿನ ನಾಮಕರಣದ ಊಟಕ್ಕೆ ಹೋಗುವ ಅವಸರದಲ್ಲಿ ಬೇಲಿಯಾಚೆಯಿಂದಲೇ ಇಣುಕಿದ್ದೆ. ಆಗ ಗರಿಗಳು ಬಾಯಾರಿ ಸುರುಳಿ ಸುತ್ತಿಕೊಂಡಿದ್ದವು. ಈಗ ಬಿಚ್ಚಿಕೊಂಡು, ಬೆಳಗಿನ ಗಾಳಿಗೆ ಹಾಯಾಗಿ ಓಲಾಡುತ್ತಿವೆ. ಬೇಲಿಯ ಬಾಗಿಲ ಪಕ್ಕದ ಸಾಲಿನ ಮಣ್ಣಿಗೆ ಬೆರಳು ಚುಚ್ಚಿದೆ. ಒದ್ದೆ. ಅದರ ಪಕ್ಕದ ಸಾಲು? ಅದೂ ಒದ್ದೆ.

ತಲೆಯೆತ್ತಿ ನೋಡಿದೆ. ಮಳೆ ಬೀಳದಂತೆ ಕಟ್ಟಿಸಿದ್ದ ಪ್ಲಾಸ್ಟಿಕ್ ಚಾವಣಿ ಎಲ್ಲೂ ಹರಿದಿರಲಿಲ್ಲ. ಬೇಲಿಯಾಚೆಯ ನೆಲ ಒಣಗಿ ಧೂಳಾಗಿತ್ತು. ಅಂದರೆ ಮಳೆಯಲ್ಲ. ಯಾರೋ ಬೇಕೆಂದೇ ನೀರು ಕೊಟ್ಟಿದ್ದಾರೆ.

ನನ್ನ ಹೆಸರು ತೇಜಶ್ರೀ. ಊರು ಅರಕಲಗೂಡು, ಕೆಲಸ ಹಾಸನದ ಒಂದು ಬೆಳೆ ಸಂಶೋಧನಾ ಕೇಂದ್ರದಲ್ಲಿ. ಜಿಲ್ಲೆಯ ನಾನಾ ಕಡೆಯಿಂದ ತಂದ ರಾಗಿ ತಳಿಗಳನ್ನು ಕೊಟ್ಟಿಗೆಯಷ್ಟಗಲದ ಆ ತಾಕಿನಲ್ಲಿ ಸಾಲಾಗಿ ಬಿತ್ತಿದ್ದೆವು. ತೆನೆ ಬರುವ ಹೊತ್ತಿಗೆ ನೀರು ಪೂರ್ತಿ ನಿಲ್ಲಿಸಿ, ಯಾವುದು ತಡೆದುಕೊಂಡು ನಿಲ್ಲುತ್ತದೆ ಎಂದು ನೋಡುವುದು ನಮ್ಮ ಪ್ರಯೋಗ. ಅದನ್ನು ಅಳೆಯುವ ದಿನ ಅವತ್ತೇ ಆಗಿತ್ತು.

ಗೆದ್ದ ತಳಿ ಈ ಹೊಳೆನರಸೀಪುರ ತಾಲ್ಲೂಕಿನ ಎಲ್ಲೆಯೊಳಗೇ ಉಳಿಯುವಂಥದ್ದಲ್ಲ. ಮಳೆ ನೆಚ್ಚಿಕೊಂಡು ಬದುಕುವ ದೇಶಗಳಲ್ಲಿ ಮಳೆ ಕೈಕೊಟ್ಟ ವರ್ಷ ಜನರ ತಟ್ಟೆ ಬರಿದಾಗುತ್ತದೆ. ಇಥಿಯೋಪಿಯಾದ ವಿಜ್ಞಾನಿಯೊಬ್ಬರು ಮುಂದಿನ ವಾರ ಈ ತಾಕು ನೋಡಲು ಬರುವವರಿದ್ದರು. ಸಾವಿರಾರು ವರ್ಷಗಳ ಹಿಂದೆ ಆ ಸೀಮೆಯಿಂದಲೇ ರಾಗಿ ನಮ್ಮ ಕಡೆಗೆ ಬಂದದ್ದು. ಈಗ ಗಟ್ಟಿ ತಳಿಯೊಂದನ್ನು ಅವರಿಗೆ ಹಿಂದಿರುಗಿಸುವ ಆಸೆ ನಮ್ಮದು. ಅವರು ಬಂದರೆ ಏನು ತೋರಿಸಲಿ? ನೀರು ಕುಡಿದ ಪೈರನ್ನೇ?

ನಾನು ಬದುವಿನ ಮೇಲೆ ಕೂತುಬಿಟ್ಟೆ. ಹಿಂದಿನಿಂದ ಯಾರೋ ಕಾಫಿ ಲೋಟ ಚಾಚಿದರು.

ಕಮಲಾಕ್ಷಮ್ಮ. ಹಾಸನದಲ್ಲಿ ಪೊಲೀಸ್ ಎಎಸ್‌ಐ ಆಗಿ ನಿವೃತ್ತರಾದವರು. ತಾಕಿನ ಜಮೀನು ಕೃಷ್ಣಪ್ಪನವರದು. ಅವರ ಹೆಂಡತಿ ಅನಸೂಯಮ್ಮನ ಬಾಲ್ಯದ ಗೆಳತಿ ಈಕೆ. ಕೃಷ್ಣಪ್ಪನವರ ಮಗಳು ರೂಪಶ್ರೀಯ ಮಗುವಿನ ನಾಮಕರಣಕ್ಕೆಂದು ಬಂದು ರಾತ್ರಿ ಅಲ್ಲೇ ಉಳಿದಿದ್ದರು.

ನಾನು ಎಲ್ಲವನ್ನೂ ಹೇಳಿದೆ. ಅವರು ಸಾವಧಾನವಾಗಿ ಕೇಳಿದರು.

"ಮೊದಲು ಕಾಫಿ ಕುಡಿ," ಅಂದರು. "ನಾಲೆಯಿಂದ ನೀರು ಕದ್ದವರನ್ನ ಹಿಡ್ದಿದ್ದೀನಿ. ನೀರು ಕೊಟ್ಟವರನ್ನ ಹಿಡಿಯೋದು ಇದೇ ಮೊದಲು."

ಚಪ್ಪಲಿ ಬಿಟ್ಟು ತಾಕಿನೊಳಗೆ ಹೋದರು. ಒಂದು ಕಡೆ ಕುಕ್ಕರುಗಾಲಿನಲ್ಲಿ ಕೂತು, ಬುಡದ ಮಣ್ಣಿನಲ್ಲಿ ಸಾಲುಗಟ್ಟಿದ್ದ ಇರುವೆಗಳನ್ನು ನೋಡಿದರು. ಆಮೇಲೆ ಪ್ರತಿ ಸಾಲಿನ ಮಣ್ಣು ಮುಟ್ಟುತ್ತಾ ಕೊನೆಯವರೆಗೂ ಹೋದರು. ಕೊನೆಯ ಸಾಲಿನ ಬಳಿ ತುಸು ಹೆಚ್ಚು ಹೊತ್ತೇ ನಿಂತರು. ಸೆರಗಿಗೆ ಕೈ ಒರೆಸಿಕೊಂಡು ಹೊರಬಂದರು. ಅತ್ತ ಮನೆಯ ಕಡೆಯಿಂದ ಹಸುವೊಂದು ಬಿಟ್ಟೂಬಿಡದೆ ಅರಚುತ್ತಿತ್ತು.

"ಯಾರ ಮೇಲೆ ಅನುಮಾನ?"

ನಾನು ಹಿಂಜರಿಯುತ್ತಲೇ ಕೃಷ್ಣಪ್ಪನವರ ಹೆಸರು ಹೇಳಿದೆ. ಜಮೀನು ಕೊಟ್ಟ ದಿನದಿಂದ ಅವರಿಗೆ ಈ ಪ್ರಯೋಗ ಒಗ್ಗಿರಲಿಲ್ಲ. ಮೋಟರು ಅವರದು, ಬಾವಿ ಅವರದು. ನೀರಿದ್ದೂ ಪೈರು ಒಣಗಿಸುವುದನ್ನು ಯಾವ ಸೀಮೆ ಇಸ್ಕೂಲಿನಲ್ಲಿ ಕಲಿತೆ ಎಂದು ಊರವರೆದುರಿಗೇ ನನ್ನನ್ನು ಕೇಳಿದ್ದರು.

ಕೃಷ್ಣಪ್ಪನವರು ಮನೆಯ ಮುಂದೆ ನಾಮಕರಣದ ಚಪ್ಪರದ ಕಂಬ ಕೀಳಿಸುತ್ತಿದ್ದರು. ವಿಷಯ ಕೇಳಿ ಮುಖ ಕೆಂಪಾಯಿತು. ನಮ್ಮನ್ನು ದಡದಡನೆ ಬಾವಿಯ ಹತ್ತಿರ ಕರೆದುಕೊಂಡು ಹೋದರು. ತಾಕಿನ ಕಡೆಗಿದ್ದ ಪೈಪಿನ ಗೇಟ್‌ವಾಲಿಗೆ ಜೇಡ ಬಲೆ ಕಟ್ಟಿತ್ತು. ಹಳೆಯ ಬಲೆ, ಎಲ್ಲೂ ಹರಿದಿರಲಿಲ್ಲ.

"ನಾನ್ ಬಿಟ್ಟಿದ್ರೆ ಎದೆ ತಟ್ಕೊಂಡು ಏಳ್ತಿದ್ದೆ. ಕದ್ದುಮುಚ್ಚಿ ಮಾಡೋ ಜಾಯಮಾನ ನಂದಲ್ಲ ಕಣವ್ವ," ಅಂದರು.

ಕಮಲಾಕ್ಷಮ್ಮ ತಲೆಯಾಡಿಸಿ, ಎಲ್ಲ ಬಿಟ್ಟು ಊಟದ ಮಾತು ತೆಗೆದರು. "ನಿನ್ನೆ ಅನ್ನ ಸಾಕಾಯ್ತಾ ಭಾವ?"

"ಊರೇ ಉಂಡೋಯ್ತು. ಎರಡನೇ ಸಲ, ಮೂರನೇ ಸಲ ಅಕ್ಕಿ ತೊಳ್ದು ಬೇಯ್ಸಿದ್ರು. ಯಾಕೆ?"

"ಸುಮ್ನೆ."

ನನಗೆ ಸಿಟ್ಟು ಬಂತು. ವರ್ಷದ ಕೆಲಸ ಮಣ್ಣುಪಾಲಾಗುತ್ತಿರುವಾಗ ಅನ್ನದ ವಿಚಾರವೇಕೆ?

ಎರಡನೆಯವನು ಶಿವರಾಜು. ರಾಮನಾಥಪುರದ ಕಡೆಯ ಹೊಗೆಸೊಪ್ಪಿನ ರೈತ. ತಾಕಿನ ಕೊನೆಯ ಸಾಲಿನಲ್ಲಿದ್ದ ಕರಿಗೆಜ್ಜೆ ರಾಗಿ ಅವರ ಮನೆಯದು. ಅವನ ತಾಯಿ ಮಾರಮ್ಮ, ಸುತ್ತಲೂ ಹೊಗೆಸೊಪ್ಪು ತುಂಬಿದರೂ ಹಿತ್ತಿಲ ಮೂಲೆಯಲ್ಲಿ ವರ್ಷವರ್ಷವೂ ಆ ರಾಗಿ ಬಿತ್ತಿ ಬೀಜ ಉಳಿಸಿಕೊಂಡು ಬಂದವರು. ತಳಿ ಗೆದ್ದರೆ ಹೊಗೆಸೊಪ್ಪು ಬಿಟ್ಟು ಬೀಜದ ರಾಗಿ ಬೆಳೆಯುತ್ತೇನೆಂದು ಶಿವರಾಜು ಹೇಳಿದ್ದ. ನಾಮಕರಣಕ್ಕೆ ಬಂದವನು ಬಸ್ಸು ತಪ್ಪಿ ಇಲ್ಲೇ ಉಳಿದಿದ್ದ. ಗೆಲ್ಲಬೇಕೆಂಬ ಆಸೆ ಅವನಿಗಿಂತ ಹೆಚ್ಚು ಯಾರಿಗಿತ್ತು?

ಅವನನ್ನು ಕಮಲಾಕ್ಷಮ್ಮನೇ ಕೇಳಿದರು. ಅವನು ಕೋಪಿಸಿಕೊಳ್ಳಲಿಲ್ಲ.

"ನೀರ್ ಕುಡ್ಸಿ ಗೆಲ್ಸಿದ್ರೆ ಅದು ಗೆದ್ದಂಗಾ ಅಕ್ಕ? ನಾಳೆ ನನ್ನ ಒಲದಲ್ಲೇ ಮಳೆ ಕೈಕೊಟ್ರೆ ಆ ಸುಳ್ಳು ನನ್ನೇ ತಿನ್ನಾಕಿಲ್ವಾ?"

ಕಮಲಾಕ್ಷಮ್ಮ ಅವನನ್ನು ತಾಕಿಗೆ ಕರೆದೊಯ್ದು ಕೊನೆಯ ಸಾಲಿನ ಮಣ್ಣು ಮುಟ್ಟಿಸಿದರು. ನನ್ನ ಕೈಯನ್ನೂ ಹಿಡಿದು ಅದುಮಿದರು. ನಾನು ಬೆಚ್ಚಿದೆ. ಮಣ್ಣು ಒಣಗಿ ಹೆಂಟೆಗಟ್ಟಿತ್ತು. ಬೆರಳು ಇಳಿಯಲೇ ಇಲ್ಲ. ಮುಂದಿನ ಸಾಲುಗಳು ಒದ್ದೆಯಾಗಿರುವುದನ್ನು ನೋಡಿ, ಗರಿ ಬಿಚ್ಚಿರುವುದನ್ನು ನೋಡಿ, ಇಡೀ ತಾಕಿಗೆ ನೀರು ಬಿದ್ದಿದೆ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಕರಿಗೆಜ್ಜೆಗೆ ಮಾತ್ರ ಒಂದು ತೊಟ್ಟೂ ಸಿಕ್ಕಿರಲಿಲ್ಲ.

"ಶಿವರಾಜು ನೀರು ಕೊಟ್ಟಿದ್ದರೆ ಮೊದಲು ಈ ಸಾಲಿಗೆ ಕೊಡುತ್ತಿದ್ದ," ಅಂದೆ. "ಹಾಗಾದರೆ ಇದು ಸೋಲಲಿ ಅಂತ ಬೇಕೆಂದೇ ಬಿಟ್ಟಿದ್ದಾರೆ. ಇದು ದೇವರಾಜ್ ಕೆಲಸ."

ದೇವರಾಜ್‌ಗೆ ಚನ್ನರಾಯಪಟ್ಟಣದಲ್ಲಿ ಬೀಜ ಗೊಬ್ಬರದ ಅಂಗಡಿ ಇತ್ತು. ಅವನು ಮಾರುವ ಹೊಸ ತಳಿಯದೂ ಒಂದು ಸಾಲು ತಾಕಿನಲ್ಲಿತ್ತು. ನಾಮಕರಣದ ಊಟಕ್ಕೆ ಅವನೂ ಬಂದಿದ್ದ. ಹಿಂದಿನ ಸಂಜೆ ಅವನ ಬೈಕು ಬೇಲಿಯ ಪಕ್ಕ ನಿಂತಿದ್ದನ್ನು ಶಿವರಾಜುವೇ ನೋಡಿದ್ದ. ಫೋನು ಮಾಡಿದೆ. ಬಿಸಿಲೇರುವ ಹೊತ್ತಿಗೆ ಬೈಕಿನಲ್ಲಿ ಬಂದಿಳಿದ.

"ನಿನ್ನೆ ಊಟ ಆದ್ಮೇಲೆ ತಾಕಿಗೆ ಹೋಗಿದ್ರಾ?" ಕಮಲಾಕ್ಷಮ್ಮ ಕೇಳಿದರು.

"ಓಗಿದ್ದೆ."

"ಯಾಕೆ?"

ಅವನು ನೆಲ ನೋಡಿದ. "ನನ್ನ ಸಾಲು ಎಂಗೈತೆ ಅಂತ ನೋಡಕ್ಕೆ. ಮುದುರ್ಕೊಂಡು ನಿಂತಿತ್ತು ಮೇಡಂ. ಕಂಪನಿಯೋರಿಗೆ ತೋರ್ಸೋಣ ಅಂತ ಒಂದು ಫೋಟೊ ತಕ್ಕೊಂಡು ಓದೆ. ನೀರು ಗೀರು ನಂಗೊತ್ತಿಲ್ಲ."

"ಫೋಟೊ ತೋರ್ಸಿ."

ಅವನು ಮೊಬೈಲು ಕೊಟ್ಟ. ಕಮಲಾಕ್ಷಮ್ಮ ಕನ್ನಡಕ ಏರಿಸಿ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದರು. ಅವರ ಮುಖ ಅರಳಿತು. ಮೊಬೈಲನ್ನು ಅವನಿಗೆ ಹಿಂದಿರುಗಿಸದೆ ನೇರ ಮನೆಯ ಕಡೆ ಹೊರಟರು. ನಾವು ಹಿಂದೆ ಹಿಂದೆ.

ಜಗುಲಿಯ ಮೇಲೆ ಅನಸೂಯಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಸವರುತ್ತಿದ್ದರು. ಬಂದವರನ್ನೆಲ್ಲ ಕೂರಲು ಹೇಳಿ, ಉಳಿದ ಒಬ್ಬಟ್ಟು ತರುವಂತೆ ಒಳಗೆ ಕೂಗಿದರು. ಕೊಟ್ಟಿಗೆಯಲ್ಲಿ ಹಸು ಇನ್ನೂ ಅರಚುತ್ತಲೇ ಇತ್ತು.

"ಅನಸೂಯಾ, ಹಸು ಯಾಕಿಂಗೆ ಅರಚ್ತೈತೆ?" ಕಮಲಾಕ್ಷಮ್ಮ ಕೇಳಿದರು.

"ಅದಕ್ಕೇನು, ಅಭ್ಯಾಸ."

"ಅಭ್ಯಾಸ ಅಲ್ಲ. ಕಲಗಚ್ಚು ಸಿಕ್ಕಿಲ್ಲ." ಕಮಲಾಕ್ಷಮ್ಮ ನಮ್ಮ ಕಡೆ ತಿರುಗಿದರು. "ನಿನ್ನೆ ಊರಿಗೆಲ್ಲ ಅನ್ನ ಆಗಿದೆ. ಅಷ್ಟು ಅಕ್ಕಿ ತೊಳೆದ ನೀರು ಬಾನಿ ತುಂಬಿ ಚೆಲ್ಲಬೇಕು. ಹಸುವಿಗೆ ಇವತ್ತು ಹಬ್ಬ ಆಗ್ಬೇಕಿತ್ತು. ಬೆಳಗ್ಗೆ ಹಾಲು ತರಕ್ಕೆ ಕೊಟ್ಟಿಗೆಗೆ ಹೋದಾಗ ನೋಡಿದೆ, ಬಾನಿ ಬರಿದಾಗಿದೆ. ಪಕ್ಕದಲ್ಲಿದ್ದ ಡ್ರಮ್ಮೂ ಬರಿದು. ಆ ನೀರು ಎಲ್ಲಿ ಹೋಯ್ತು?"

ಕಮಲಾಕ್ಷಮ್ಮ ತಾವೇ ಮುಂದುವರಿಸಿದರು.

"ತಾಕಿನ ಮಣ್ಣಲ್ಲಿ ಇರುವೆ ಸಾಲಿತ್ತು. ಬಾವಿ ನೀರಿಗೆ ಇರುವೆ ಬರಲ್ಲ. ಬಗ್ಗಿ ನೋಡಿದೆ, ಬುಡದಲ್ಲಿ ಅಕ್ಕಿ ನುಚ್ಚು. ಪೈಪಿನಿಂದಲ್ಲ, ಬಿಂದಿಗೆಯಿಂದ ಬಂದ ನೀರು ಅದು. ಈ ಮನೆಯ ಅಕ್ಕಿ ತೊಳೆದ ನೀರು. ಹಸುವಿನ ಪಾಲನ್ನ ಇನ್ನೊಬ್ಬರಿಗೆ ಕೊಡೋ ಅಧಿಕಾರ ಈ ಮನೆಯಲ್ಲಿ ಒಬ್ಬರಿಗೇ ಇರೋದು." ಗೆಳತಿಯ ಮುಂದೆ ಕೂತರು. "ಯಾಕೆ ಮಾಡಿದೆ ಅನಸೂಯಾ?"

ಅನಸೂಯಮ್ಮ ಮಗುವಿನ ಕಾಲಿಗೆ ಎಣ್ಣೆ ನೀವುತ್ತಲೇ ಇದ್ದರು. ಆಮೇಲೆ ಕೈ ನಿಂತಿತು.

"ಊರೆಲ್ಲಾ ನಮ್ಮಟ್ಟಿಲಿ ಉಂಡೋಯ್ತು ಕಣೆ. ನಾಯಿಗೂ ಆಕ್ದೆ, ಕಾಗೆಗೂ ಆಕ್ದೆ. ಸಂಜೆ ಬಾಗ್ಲಿಗೆ ನೀರಾಕ್ತಾ ಇತ್ಲಾಗೆ ನೋಡ್ತೀನಿ, ನಮ್ಮ ಒಲದಲ್ಲೇ ಪೈರು ಬಾಯಾರ್ಕೊಂಡು ನಿಂತೈತೆ. ಕೂಸಿಗೆ ಎಸ್ರಿಟ್ಟ ದಿನ ಅದೊಂದು ಉಪಾಸ ಇರ್ಬೇಕಾ ಅನ್ನುಸ್ತು. ನಾಕು ಬಿಂದಿಗೆ ಉಯ್ದೆ, ಮನ್ಸು ತಡೀಲಿಲ್ಲ, ಇನ್ನೂ ಉಯ್ದೆ." ನನ್ನ ಕಡೆ ನೋಡಿದರು. "ನಿನ್ ಕೆಲ್ಸ ಕೆಟ್ಟೋಯ್ತಾ ಮಗ?"

ಬೆಳಗಿನಿಂದ ನನ್ನೊಳಗೆ ಕುದಿಯುತ್ತಿದ್ದ ಸಿಟ್ಟು ಎಲ್ಲಿ ಹೋಯಿತೋ. ಹೋಗಿ ಅವರ ಪಕ್ಕದಲ್ಲಿ ಕೂತೆ.

"ಕೊನೇ ಸಾಲಿಗೆ ಯಾಕೆ ಉಯ್ಯಲಿಲ್ಲ?" ಕಮಲಾಕ್ಷಮ್ಮ ಕೇಳಿದರು.

"ಅದಕ್ಯಾಕೆ? ಅದು ಚೆನ್ನಾಗೇ ನಿಂತಿತ್ತಲ್ಲ."

ಆ ಮಾತು ನನ್ನ ತಲೆಗಿಳಿಯಲು ಕ್ಷಣ ಹಿಡಿಯಿತು. ಕಮಲಾಕ್ಷಮ್ಮ ದೇವರಾಜ್‌ನ ಮೊಬೈಲನ್ನು ನನ್ನ ಕೈಗಿತ್ತರು.

ಹಿಂದಿನ ಸಂಜೆಯ ಚಿತ್ರ, ಅನಸೂಯಮ್ಮ ಬಿಂದಿಗೆ ಹೊರುವುದಕ್ಕೆ ಮುಂಚಿನದು. ಮುಂದೆ ದೇವರಾಜ್‌ನ ಸಾಲು, ಅದರಾಚೆ ಉಳಿದ ಸಾಲುಗಳು, ಎಲ್ಲವೂ ಸುರುಳಿ ಸುರುಳಿ. ಹಿಂದೆ, ಚಿತ್ರದ ಅಂಚಿನಲ್ಲಿ, ಕರಿಗೆಜ್ಜೆ ಗರಿ ಬಿಚ್ಚಿಕೊಂಡು ನೆಟ್ಟಗೆ ನಿಂತಿತ್ತು. ಬೆಳಗ್ಗೆ ನೀರು ಕುಡಿದ ಸಾಲುಗಳ ಸಮಕ್ಕೆ ನಿಂತಿದ್ದ ಒಣ ಸಾಲು ಅದೇ.

ಶಿವರಾಜು ನನ್ನ ಹೆಗಲ ಮೇಲಿಂದ ನೋಡಿದ. ಜಗುಲಿಯ ಕಂಬಕ್ಕೆ ಒರಗಿ, ಮಾರಮ್ಮನಿಗೆ ಫೋನು ಮಾಡಿದ. "ಅವ್ವಾ, ನಿನ್ನ ರಾಗಿ ನಿಂತೈತೆ," ಅಂದ. ದೇವರಾಜ್ ತನ್ನ ಫೋಟೊವನ್ನೇ ಇನ್ನೊಮ್ಮೆ ನೋಡಿ, ತಲೆ ಕೆರೆದುಕೊಂಡು, ಬೀಜ ತಯಾರಾದ ದಿನ ಮೊದಲ ಚೀಲ ತನ್ನ ಅಂಗಡಿಗೇ ಕೊಡಬೇಕು ಎಂದ. ಎಲ್ಲರೂ ನಕ್ಕರು. ಒಬ್ಬಟ್ಟು ಬಂತು.

ನಾನು ಹಾಸನಕ್ಕೆ ಫೋನು ಮಾಡಿ ನಡೆದದ್ದನ್ನು ನಡೆದಂತೆ ಹೇಳಿದೆ. ಈ ಸಲದ ಅಳತೆ ಲೆಕ್ಕಕ್ಕಿಲ್ಲ ಎಂದರು ನಮ್ಮ ಮುಖ್ಯಸ್ಥರು, ಆದರೆ ಬೇಸಿಗೆಯಲ್ಲಿ ಅದೇ ತಾಕಿನಲ್ಲಿ ಮತ್ತೆ ಮಾಡಿ ಎಂದರು. ಇಥಿಯೋಪಿಯಾದ ವಿಜ್ಞಾನಿ ಮುಂದಿನ ವಾರ ಬಂದೇ ಬಂದರು. ಕರಿಗೆಜ್ಜೆಯ ತೆನೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, ತಮ್ಮೂರಲ್ಲಿ ರಾಗಿಯನ್ನು ದಗುಸ ಅನ್ನುತ್ತಾರೆ ಎಂದರು. ಅನಸೂಯಮ್ಮನ ಮನೆಯಲ್ಲಿ ಮುದ್ದೆ ಮುರಿಯುವುದನ್ನು ಕಲಿತು, ಎರಡನೆಯದನ್ನು ಕೇಳಿ ಹಾಕಿಸಿಕೊಂಡರು.

ಬೇಸಿಗೆಯ ಪ್ರಯೋಗಕ್ಕೆ ಕಾವಲು ಯಾರು? ಅನಸೂಯಮ್ಮನನ್ನೇ ನೇಮಿಸು ಎಂದರು ಕಮಲಾಕ್ಷಮ್ಮ. ಹಾಗೇ ಮಾಡಿದೆ. ಅಳೆಯುವ ದಿನ ಕರಿಗೆಜ್ಜೆ ಒಂದೇ ತಲೆಯೆತ್ತಿ ನಿಂತಿತ್ತು. ಈಗ ಅದರ ಬೀಜ ಸಮುದ್ರ ದಾಟಿದೆ. ಶಿವರಾಜು ಹೊಗೆಸೊಪ್ಪಿನ ಹೊಲದ ಅರ್ಧಕ್ಕೆ ಅದನ್ನೇ ಬಿತ್ತಿದ್ದಾನೆ.

ಆದರೆ ಆ ಬೇಸಿಗೆಯನ್ನು ನೆನೆದಾಗೆಲ್ಲ ನನಗೆ ಮೊದಲು ನೆನಪಾಗುವುದು ಒಂದು ಫೋನ್ ಕರೆ. ಬಿಸಿಲು ಸುಡುತ್ತಿದ್ದ ದಿನಗಳು, ಪೈರು ಮುದುರತೊಡಗಿತ್ತು. ಬೆಳ್ಳಂಬೆಳಗ್ಗೆ ಅನಸೂಯಮ್ಮ ಫೋನು ಮಾಡಿದರು. ದನಿಯಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

"ಮಗ, ಬೇಲಿ ತಾವ ಒಬ್ಬರು ಸಿಕ್ಬಿದ್ರು. ಎರಡು ಕೈಲೂ ಬಿಂದಿಗೆ."

"ಯಾರಮ್ಮ?" ನಾನು ಗಾಬರಿಯಾದೆ.

"ನಮ್ಮ ಯಜಮಾನ್ರು ಕಣವ್ವ. ಎದೆ ತಟ್ಕೊಂಡು ಏಳೋರು, ಕಳ್ಳ ಬೆಕ್ಕಿನಂಗೆ ಬಂದವ್ರೆ. ಒಂದ್ ತೊಟ್ಟೂ ಬೀಳಕ್ಕೆ ಬಿಟ್ಟಿಲ್ಲ. ಆ ನೀರಲ್ಲೇ ಅವ್ರಿಗೆ ಸ್ನಾನಕ್ಕಿಟ್ಟಿದ್ದೀನಿ."