ಅದು ಬಂದರೆ!

“ಏನೇ, ಗಿಡಕ್ಕೆ ಈಜು ಕಲಿಸ್ತಿದ್ದೀಯಾ?” ಬಾಗಿಲಲ್ಲಿ ನಿಂತು ಅಣ್ಣ ಕೇಳಿದ.

ಗೊತ್ತಮ್ಮ ಬಕೆಟ್ ಬಗ್ಗಿಸಿ ಉಳಿದ ನೀರನ್ನೂ ಕುಂಡಕ್ಕೆ ಸುರಿದಳು. ಕುಂಡ ತುಂಬಿ ನೀರು ಹೊರಗೆ ಹರಿದು ಅವಳ ಚಪ್ಪಲಿಯನ್ನೇ ತೇಲಿಸಿತು. ಗಿಡ ಮಾತ್ರ ಇನ್ನೊಂದು ಹಳದಿ ಎಲೆ ಉದುರಿಸಿತು.

ಗೊತ್ತಮ್ಮ ಅನ್ನುವುದು ಅವಳ ನಿಜವಾದ ಹೆಸರಲ್ಲ. ಯಾರಾದರೂ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, “ಗೊತ್ತು, ಗೊತ್ತು!” ಅನ್ನುತ್ತಿದ್ದಳು. ಅದಕ್ಕೇ ಅಣ್ಣ ಇಟ್ಟ ಅಡ್ಡಹೆಸರು ಅದು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಬರಬರುತ್ತಾ ಅದು ದೊಡ್ಡ ಬಿರುದಿನ ಹಾಗೆ ಕೇಳಿಸತೊಡಗಿತು.

ಗಿಡ ಅತ್ತೆಯದು. ಅತ್ತೆ ಬಸ್ ಡ್ರೈವರ್. ಅವಳ ಬಸ್ ಡಿಪೋದಲ್ಲಿ ಒಂದು ಉದ್ದನೆಯ ಬೋಳು ಗೋಡೆ ಇದೆ. ಹತ್ತಿರದಲ್ಲಿ ನಲ್ಲಿಯೂ ಇಲ್ಲ, ನೆರಳೂ ಇಲ್ಲ. ಅಲ್ಲಿ ನೆಟ್ಟ ಗಿಡಗಳೆಲ್ಲ ಬಿಸಿಲಿಗೆ ಒಣಗಿಹೋಗಿದ್ದವು. ಅದಕ್ಕೇ ಅತ್ತೆ ಕಲ್ಲುಗುಡ್ಡದಿಂದ ಬೀಜ ಆರಿಸಿ ತಂದು ಮನೆಯ ಕುಂಡದಲ್ಲಿ ಬಿತ್ತಿದ್ದಳು. ಹುಟ್ಟಿದ್ದು ಇದೊಂದೇ. ಮೊಣಕಾಲೆತ್ತರ ಬೆಳೆದ ಅದನ್ನು ಕಂಡರೆ ಅವಳಿಗೆ ಪ್ರಾಣ.

“ಇದರ ಹೆಸರೇನು ಗೊತ್ತಾ...” ಎಂದು ಒಂದು ದಿನ ಅತ್ತೆ ಶುರು ಮಾಡಿದ್ದಳು.

“ಗೊತ್ತು, ಗೊತ್ತು!” ಎಂದು ಗೊತ್ತಮ್ಮ ಆಟಕ್ಕೆ ಓಡಿದ್ದಳು.

ಆಮೇಲೆ ಅತ್ತೆ ಟ್ರೇನಿಂಗ್‌ಗೆಂದು ಬೇರೆ ಊರಿಗೆ ಹೊರಟಳು. “ನಾನು ವಾಪಸ್ ಬಂದ್ಮೇಲೆ ಗೋಡೆ ಪಕ್ಕ ನೆಡೋಣ. ಅಲ್ಲಿವರೆಗೆ ಗಿಡ ನಿನ್ನ ಜವಾಬ್ದಾರಿ” ಎಂದು ಬಸ್ ಹತ್ತಿದಳು. ಬಸ್ ಗುರುಗುಟ್ಟಿ ಮುಂದೆ ಸರಿಯುವಾಗ ಏನೋ ನೆನಪಾಗಿ, ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು.

“ಅದು ಬಂದರೆ! ನೀರು ಬೇಡ!”

“ಗೊತ್ತು, ಗೊತ್ತು!”

ಏನು ಬಂದರೆ? ದಾರಿಯಲ್ಲಿ ಗೊತ್ತಮ್ಮ ಆಕಾಶ ನೋಡಿದಳು. ಇನ್ನೇನು, ಮಳೆ! ಮಳೆ ಬಂದರೆ ನೀರು ಬೇಡ. ಬರದಿದ್ದರೆ ಹಾಕಬೇಕು. ಇಷ್ಟಕ್ಕೆ ಅತ್ತೆ ಅಷ್ಟು ಗಂಟಲು ಹರಿದುಕೊಳ್ಳಬೇಕಿತ್ತಾ?

ಮಳೆ ಬರಲೇ ಇಲ್ಲ. ಗೊತ್ತಮ್ಮ ಬೆಳಿಗ್ಗೆ ನೀರು ಹಾಕಿದಳು, ಸ್ಕೂಲಿಂದ ಬಂದು ಹಾಕಿದಳು. ಎಲೆ ಹಳದಿಯಾದಷ್ಟೂ ಹೆಚ್ಚು ಹಾಕಿದಳು.

“ನಿನ್ನ ಗಿಡ ಬೋಳಾಗ್ತಿದೆಯಂತೆ?” ಎಂದು ಗೆಳತಿ ಕೇಳಿದಾಗ, “ಎಲೆ ಬದಲಾಯಿಸ್ತಿದೆ ಕಣೇ. ನಮಗೆ ಹಾಲುಹಲ್ಲು ಬೀಳಲ್ವಾ, ಹಾಗೆ” ಎಂದಳು. ಹೇಳುವಾಗ ತನ್ನ ಮಾತನ್ನು ತಾನೇ ಅರ್ಧ ನಂಬಿದ್ದಳು ಕೂಡ.

ಅತ್ತೆ ವಾಪಸ್ ಬಂದವಳು ಬ್ಯಾಗ್ ಕೂಡ ಇಳಿಸದೆ ನೇರ ಕುಂಡದ ಹತ್ತಿರ ಹೋದಳು. ಮಣ್ಣಿಗೆ ಬೆರಳಿಟ್ಟಳು. ಬೆರಳು ಪಚಕ್ಕನೆ ಒಳಗೆ ಹೋಯಿತು.

“ನೀರು ಬೇಡ ಅಂದಿದ್ನಲ್ಲೇ?”

“ಮಳೆ ಬಂದರೆ ತಾನೇ ಬೇಡ ಅಂದಿದ್ದು? ಮಳೆ ಬರಲೇ ಇಲ್ಲ ಅತ್ತೆ! ದಿನಾ ಆಕಾಶ ನೋಡ್ತಿದ್ದೆ!”

“ಮಧ್ಯದಲ್ಲಿ ಮಳೆ ಎಲ್ಲಿಂದ ಬಂತು?”

“ನೀನೇ ಹೇಳಿದ್ಯಲ್ಲ, ಅದು ಬಂದರೆ ನೀರು ಬೇಡ ಅಂತ!”

ಅತ್ತೆ ಕಣ್ಣು ಕಣ್ಣು ಬಿಟ್ಟಳು. “ಅಯ್ಯೋ, ಬಂದರೆ ಅನ್ನೋದು ಗಿಡದ ಹೆಸರು ಕಣೇ! ಬಂದರೆ ಗಿಡ! ಗುಡ್ಡದ ಮೇಲೆ ಸುಡು ಬಿಸಿಲಲ್ಲೂ ಹಸಿರಾಗೇ ಇರುತ್ತೆ. ಅದಕ್ಕೇ ನೀರು ಬೇಡ ಅಂದೆ.”

ಅಣ್ಣ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. “ಗೊತ್ತಮ್ಮಂಗೆ ಹೆಸರೇ ಗೊತ್ತಿಲ್ಲ!”

ಗೊತ್ತಮ್ಮನಿಗೂ ನಗು ಬಂತು. ಇಷ್ಟು ದಿನ ಬಾರದ ಮಳೆಯನ್ನು ಬೈದುಕೊಂಡು ಗಿಡವನ್ನು ಮುಳುಗಿಸಿದ ದಡ್ಡಿ ತಾನೇ ಅಲ್ಲವೇ? ನಗುತ್ತಾ ನಗುತ್ತಾ ಅಳುವೇ ಬಂದುಬಿಟ್ಟಿತು.

ಅತ್ತೆಯೂ ನಕ್ಕಳು. ಆದರೆ ಗಿಡವನ್ನು ಕುಂಡದಿಂದ ಬಿಡಿಸಿದಾಗ ಅವಳ ಮುಖ ಸಣ್ಣದಾಯಿತು. ಬೇರುಗಳು ಕಪ್ಪಾಗಿ ಕೊಳೆತಿದ್ದವು.

“ಸುಳ್ಳು ಯಾಕೆ ಹೇಳ್ಲಿ, ನಂಗೆ ತುಂಬಾ ಬೇಜಾರಾಗಿದೆ,” ಎಂದಳು ಅತ್ತೆ.

ಗೊತ್ತಮ್ಮನಿಗೆ, ಅತ್ತೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕೊಳೆತ ಬೇರು ಕತ್ತರಿಸಿದಾಗ ಒಳಗೆ ಬಿಳಿಯ ಬೇರು ಸ್ವಲ್ಪ ಉಳಿದಿತ್ತು. ಅತ್ತೆ ಕಲ್ಲುಹರಳು ಬೆರೆಸಿದ ಒಣಮಣ್ಣಿನಲ್ಲಿ ಗಿಡವನ್ನು ಮತ್ತೆ ನೆಟ್ಟಳು.

“ಬದುಕುತ್ತಾ ಅತ್ತೆ?”

“ಗೊತ್ತಿಲ್ಲ.”

ಗೊತ್ತಮ್ಮ ತಲೆ ಎತ್ತಿ ನೋಡಿದಳು. ಅಷ್ಟು ದೊಡ್ಡ ಬಸ್ಸನ್ನು ಇಕ್ಕಟ್ಟಿನ ಬೀದಿಯಲ್ಲಿ ರಿವರ್ಸ್ ತೆಗೆಯುವ ಅತ್ತೆ ಆ ಮಾತನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ಹೇಳಿ, ಏನೂ ಆಗಿಲ್ಲವೆಂಬಂತೆ ಕೈ ತೊಳೆಯುತ್ತಿದ್ದಳು.

“ಈಗ ನಾನೇನ್ ಮಾಡ್ಬೇಕು?”

“ಏನೂ ಮಾಡ್ಬಾರ್ದು. ಬೆರಳಿಟ್ಟು ನೋಡು. ಒಳಗೂ ಒಣಗಿದ್ರೆ ಮಾತ್ರ...”

‘ಗೊ’ ಅನ್ನುವ ಅಕ್ಷರ ಗೊತ್ತಮ್ಮನ ಗಂಟಲವರೆಗೆ ಬಂದಿತ್ತು. ಅವಳು ತುಟಿ ಬಿಗಿಹಿಡಿದಳು.

“...ಒಂದೇ ಒಂದು ಲೋಟ. ಅದೂ ನಿಧಾನಕ್ಕೆ,” ಎಂದು ಅತ್ತೆ ಮುಗಿಸಿದಳು.

ಏನೂ ಮಾಡದೆ ಇರುವಷ್ಟು ಕಷ್ಟದ ಕೆಲಸವನ್ನು ಗೊತ್ತಮ್ಮ ಅದುವರೆಗೆ ಮಾಡಿರಲಿಲ್ಲ. ಒಂದು ಮಧ್ಯಾಹ್ನ ತಡೆಯಲಾಗದೆ ಲೋಟ ತುಂಬಿಕೊಂಡು ಬಂದು ಕುಂಡದ ಮುಂದೆ ಕೂತಳು. ಗಿಡದ ತುದಿಯಲ್ಲಿ ಏನೋ ಮಿನುಗಿತು. ಉಗುರಿನಷ್ಟು ಹೊಸ ಎಲೆ! ಮುಟ್ಟಿದರೆ ಬೆರಳಿಗೆ ಅಂಟಂಟು.

“ನೋಡೇ ಬಂದರೆ, ಸ್ವಲ್ಪ ಹಾಕ್ಲಾ?” ಎಂದು ಮೆಲ್ಲಗೆ ಕೇಳಿದಳು.

ಮಣ್ಣಿಗೆ ಬೆರಳಿಟ್ಟಳು. ಮೇಲೆ ಒಣಗಿತ್ತು. ಆಳದಲ್ಲಿ ಇನ್ನೂ ತಂಪಿತ್ತು.

ಅವಳು ಲೋಟದ ನೀರನ್ನು ತಾನೇ ಗಟಗಟ ಕುಡಿದು ಒಳಗೆ ಹೋದಳು.