ಬಣ್ಣ ಇಳಿಯದ ದೊರೆ

"ಗಂಡನ್ನ ಹೆಸರ ಹಿಡದು ಕರಿಯವಾ. ಬಣ್ಣ ತೊಳಿಯೂತನಕ ಅಪ್ಪಿತಪ್ಪಿ ದೊರಿ ಅನಬ್ಯಾಡ," ಎಂದ ನಾಟಕದವರಿಗೆ ಬಣ್ಣ ಹಚ್ಚುವ ಮುದುಕ ಶೆಟ್ಟೆಪ್ಪ. "ಈ ಪಾತ್ರ ಮೊದಲ ಮಾಡಿದವಗ ಅವನ ಹೇಂತೀನ ಮಾಟ ಮಾಡಿಸಿದ್ಲು. ಅಂವ ಸತ್ತ. ದೊರಿ ಇನ್ನೂ ಈ ಪಾತ್ರ ಬಿಟ್ಟ ಹೋಗಿಲ್ಲ."

ಕಸ್ತೂರಿ ಕಿಸಕ್ಕನೆ ನಕ್ಕಳು. ಹುಕ್ಕೇರಿಯಿಂದ ಮೂಡಲಗಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. "ಗಂಡನ ಹೆಸರ ಹಿಡದು ಕರದ್ರ ಮಂದಿ ನಗ್ತಾರ ಕಾಕಾ," ಎಂದಳು.

ನಿಜ ಸಂಗತಿ ಬೇರೆಯೇ ಇತ್ತು. ಅವಳ ಗಂಡ ಉಮೇಶ ಆಕಳಿನಂಥ ಮನುಷ್ಯ. ಅಣ್ಣ ಸತ್ಯಪ್ಪ ಹಾಕಿದ ಗೆರೆ ದಾಟದವನು. ಕಾಲುವೆ ಪಕ್ಕದ ಹೊಲ ಪಾಲಿಗೆ ಕೇಳು ಎಂದು ಆಕೆ ಆರು ತಿಂಗಳು ಕಿವಿ ಊದಿದ್ದಳು. ಬಾಯಿ ಬಿಡಲಿಲ್ಲ ಪುಣ್ಯಾತ್ಮ! ರಾಣಿಯ ಮಾತು ಕೇಳಿ ಅಣ್ಣನನ್ನೇ ಕೊಲ್ಲುವ ದೊರೆಯ ಪಾತ್ರಕ್ಕೆ ಅವನನ್ನು ದೂಡಿದ್ದೂ ಆಕೆಯೇ. ಒಂದಿಷ್ಟು ದೊರೆತನ ಮೈಗೆ ಹತ್ತಲಿ ಎಂಬ ಹಂಚಿಕೆ.

ನಾಟಕ ಮುಗಿದಾಗ ಬೆಳಗಾಗಿತ್ತು. ಶಾಲೆಯ ಹಿಂದಿನ ತಗಡಿನ ಕೋಣೆಯಲ್ಲಿ ಮುಖಕ್ಕೆ ಬಳಿಯುವ ಅರದಾಳದ ಕಮಟು, ಬೆವರು, ಆರಿದ ಪೆಟ್ರೋಮ್ಯಾಕ್ಸಿನ ಹೊಗೆ. ಉಮೇಶ ಕನ್ನಡಿಗೆ ಮುಖ ಕೊಟ್ಟು ಕುಳಿತಿದ್ದ. ಶೆಟ್ಟೆಪ್ಪ ಬಣ್ಣ ಇಳಿಸಲು ಕೊಬ್ಬರಿ ಎಣ್ಣೆ ತರಲು ಹೋಗಿದ್ದ.

"ದೊರೀ," ಎಂದಳು ಕಸ್ತೂರಿ, ಬೇಕೆಂದೇ. "ಇವತ್ತ ಅಣ್ಣಗ ಕೇಳೇಬಿಡ್ರಿ."

ಹೊರಗೆ ಕಾಗೆಗಳು ಒಮ್ಮೆಲೇ ಸುಮ್ಮನಾದವು. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ ಬಂತು.

"ಕೇಳುವುದೇಕೆ, ರಾಣಿ?"

ಅದು ಅವನ ದನಿಯಲ್ಲ. ಅವನ ಮಾತೂ ಅಲ್ಲ. 'ಯಾಕ ಕೇಳಬೇಕ' ಎನ್ನುವ ಉಮೇಶ ಎಲ್ಲಿ ಹೋದ? ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ನಾಟಕ ಮುಗದೈತ್ರಿ. ಸಾಕ ಮಾಡ್ರಿ."

ಅವನು ಎದ್ದ. ಮೂಲೆಯಲ್ಲಿ ಪೂಜೆಯ ಕಾಯಿ ಒಡೆದ ಕೊಯ್ತಾ ಇತ್ತು. ಅದನ್ನು ಎತ್ತಿಕೊಂಡ.

ಆಗಲೇ ಬಾಗಿಲಲ್ಲಿ ಸತ್ಯಪ್ಪ. ಕೈಯಲ್ಲಿ ತಮ್ಮನಿಗೆಂದು ತಂದ ಚಹಾ. "ಭಾಳ ಚಲೋ ಮಾಡಿದೆಪಾ!"

ಅಯ್ಯೋ, ಆಕೆಗೆ ಬೇಕಿದ್ದದ್ದು ಹೊಲ, ಹೆಣವಲ್ಲ!

ಕೊಯ್ತಾ ಮೇಲೆದ್ದಿತು. ಕಸ್ತೂರಿ ನಡುವೆ ಬಿದ್ದಳು. ಎಡಗೈ ಉರಿಯಿತು. ಬಿಸಿ ರಕ್ತ. "ಓಡ್ರಿ ಭಾವಾರ!" ಸತ್ಯಪ್ಪ ಓಡಿದ. ದೊರೆ ಬೆನ್ನು ಹತ್ತಿದ. ಹೆಸರು. ಹೆಸರು ಹಿಡಿಯಬೇಕು. ಮದುವೆಯ ದಿನ ಒಮ್ಮೆ ಹೇಳಿದ್ದಷ್ಟೇ. ಗಂಟಲು ಹರಿಯುವಂತೆ ಚೀರಿದಳು.

"ಉಮೇಶಾ!"

ಅವನು ನಿಂತ. ತಿರುಗಿದ. ಕೊಯ್ತಾ ಕೆಳಗಿಳಿಯಿತು. ಉಳಿದೆವು ಎಂದುಕೊಂಡಳು ಕಸ್ತೂರಿ. ಅವನು ಹತ್ತಿರ ಬಂದು ಆಕೆಯ ಕೆನ್ನೆ ಸವರಿದ, ಪ್ರೀತಿಯಿಂದ.

"ಉಮೇಶನೆಂಬವನು ಯಾರು, ರಾಣಿ? ಅವನನ್ನೂ ಕೊಂದುಬಿಡಲೇ?"